ಸೌಂಡು ಬತ್ತೈತೆ, ಮಾತು ಬತ್ತಿಲ್ಲ

ಸುಮಾರು ಹದಿನೈದು ವರ್ಷದ ಹಿಂದಿನ ಕತೆ. ನಮ್ಮೂರ ಛತ್ರದಲ್ಲಿ ರಾಜ್ಯೋತ್ಸವ ಕಾರ್ಯಕ್ರಮ, ಮೈಕ್‌ಸೆಟ್ ನನ್ನದು. ಆಗಷ್ಟೇ ನಾಲ್ಕು ದೊಡ್ಡ ಬಾಕ್ಸ್ ತಂದಿದ್ದೆ, ಅದರ ಹುಮ್ಮಸ್ಸು ಬೇರೆ. ಸ್ಟೇಜಿನ ಅಕ್ಕಪಕ್ಕ ಎರಡು ಇಟ್ಟೆ. ಇನ್ನೆರಡನ್ನು ಹಿಂದಿನ ಮೂಲೆಗಳಲ್ಲಿ ಇಟ್ಟು, ಮುಖ ಸ್ಟೇಜಿನ ಕಡೆಗೆ ತಿರುಗಿಸಿದೆ. ಹಿಂದೆ ಕೂತವರಿಗೂ ಚೆನ್ನಾಗಿ ಕೇಳಲಿ ಅಂತ. ಮುಖ್ಯ ಅತಿಥಿಗಳು ನಲವತ್ತು ನಿಮಿಷ ಮಾತಾಡಿದರು. ಮಧ್ಯದಲ್ಲಿ ಕೊನೆ ಸಾಲಿನಿಂದ ಒಬ್ಬ ಅಜ್ಜ ಎದ್ದು ಬಂದರು, ಕಿವಿಗೆ ಅಂಗೈ ಒಡ್ಡಿಕೊಂಡೇ ನನ್ನ ಟೇಬಲ್ ಮುಂದೆ ಬಗ್ಗಿ, "ಅಲ್ಲ ಕಣಪ್ಪಾ, ಸೌಂಡೇನೋ ಬತ್ತೈತೆ, ಮಾತೇ ಬತ್ತಿಲ್ವಲ್ಲ" ಎಂದರು.

ನಾನು ಏನು ಮಾಡಿದೆ ಹೇಳಿ? ವಾಲ್ಯೂಮ್ ಜಾಸ್ತಿ ಮಾಡಿದೆ. ಕುಂಯ್ ಎಂದು ಕೂಗಿತು. ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡು ನಕ್ಕರು.

ಆ ಅಜ್ಜನ ಮಾತಿಗೆ ಅರ್ಥ ಹುಡುಕುತ್ತಾ ಹೋಗಿದ್ದೇ ನನ್ನ ಮುಂದಿನ ಕಲಿಕೆ ಎಲ್ಲಾ. ಜೋರಾಗಿ ಕೇಳುವುದು ಬೇರೆ, ಅರ್ಥವಾಗುವ ಹಾಗೆ ಕೇಳುವುದು ಬೇರೆ. ಗೋಳಗುಮ್ಮಟಕ್ಕೆ ಶಾಲೆ ಟೂರಿನಲ್ಲಿ ಹೋದವರಿಗೆ ಇದು ಗೊತ್ತಿರುತ್ತದೆ. ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದರೆ ನೂರಕ್ಕೂ ಜಾಸ್ತಿ ಅಡಿ ಆಚೆ ಇರುವ ಗೆಳೆಯನಿಗೆ ಕೇಳುತ್ತದೆ. ಅದೇ ಗುಮ್ಮಟದಲ್ಲಿ ನಲವತ್ತು ಮಕ್ಕಳು ಒಟ್ಟಿಗೆ ಕೂಗಲಿ, ಮೇಷ್ಟ್ರು "ಸಾಲಾಗಿ ಇಳೀರಿ" ಎಂದಿದ್ದು ಪಕ್ಕದವನಿಗೂ ಗೊತ್ತಾಗುವುದಿಲ್ಲ. ನಮ್ಮ ಛತ್ರಗಳೂ ಒಂಥರಾ ಸಣ್ಣ ಗೋಳಗುಮ್ಮಟಗಳೇ. ಕೆಳಗೆ ಗ್ರಾನೈಟು, ಮೇಲೆ ಆರ್‌ಸಿಸಿ, ಸುತ್ತ ಪೇಂಟ್ ಹೊಡೆದ ಗೋಡೆ, ಗಾಜಿನ ಕಿಟಕಿ. ಸದ್ದನ್ನು ಕುಡಿಯುವ ವಸ್ತು ಒಂದೂ ಇಲ್ಲ. ಬಾಯಿಂದ ಹೊರಟ ಮಾತು ಹತ್ತಾರು ಸಲ ಗೋಡೆಗೆ ಬಡಿದು ಬಡಿದು ಸುಸ್ತಾಗಿ ಸಾಯುವ ಹೊತ್ತಿಗೆ ಭಾಷಣಕಾರರು ಮುಂದಿನ ವಾಕ್ಯದಲ್ಲಿರುತ್ತಾರೆ.

ಇದನ್ನು ಮೊದಲು ಲೆಕ್ಕಕ್ಕೆ ತಂದವರು ಅಮೆರಿಕದ ವಾಲೇಸ್ ಸೇಬಿನ್. 1895ರಲ್ಲಿ ಹಾರ್ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದ್ದ ಒಂದು ಉಪನ್ಯಾಸ ಕೋಣೆಯಲ್ಲಿ ಮೇಷ್ಟ್ರ ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ. ನೋಡಪ್ಪಾ ಅಂತ ಈ ಯುವ ಭೌತಶಾಸ್ತ್ರದ ಮೇಷ್ಟ್ರಿಗೆ ಹೇಳಿದರು. ಅವರು ರಾತ್ರಿ ಹೊತ್ತು ಹತ್ತಿರದ ಥಿಯೇಟರಿನಿಂದ ಸೀಟಿನ ದಿಂಬುಗಳನ್ನು ಹೊತ್ತು ತಂದು, ಕೋಣೆಯಲ್ಲಿ ಹಾಸಿ, ಆರ್ಗನ್ ಕೊಳವೆ ಊದಿಸಿ, ಸದ್ದು ಎಷ್ಟು ಹೊತ್ತಿಗೆ ಅಡಗುತ್ತದೆ ಎಂದು ಸ್ಟಾಪ್‌ವಾಚ್ ಹಿಡಿದು ಅಳೆದು, ಮತ್ತೆ ದಿಂಬುಗಳನ್ನೆಲ್ಲ ವಾಪಸ್ ಹೊತ್ತು ಹಾಕುತ್ತಿದ್ದರು. ಖಾಲಿ ಕೋಣೆಯಲ್ಲಿ ಸದ್ದು ಐದೂವರೆ ಸೆಕೆಂಡ್ ಗುಂಯ್‌ಗುಡುತ್ತಿತ್ತು. ಜಾಗ ದೊಡ್ಡದಾದಷ್ಟೂ ಗುಂಯ್‌ಗುಡುವುದು ಜಾಸ್ತಿ, ಸದ್ದು ಕುಡಿಯುವ ವಸ್ತು ಜಾಸ್ತಿಯಾದಷ್ಟೂ ಅದು ಕಡಿಮೆ. ಅವರ ಸೂತ್ರ ಇಷ್ಟೇ. ಇವತ್ತಿಗೂ ನಾವು ಬಳಸುವುದು ಅದನ್ನೇ.

ನಮ್ಮೂರ ಛತ್ರಕ್ಕೆ ಅದನ್ನೇ ಹಾಕಿ ನೋಡಿದೆ. 100 ಅಡಿ ಉದ್ದ, 50 ಅಡಿ ಅಗಲ, 20 ಅಡಿ ಎತ್ತರ. ಖಾಲಿ ಇದ್ದಾಗ ಹತ್ತಿರ ಹತ್ತಿರ 5 ಸೆಕೆಂಡ್ ಬಂತು. 300 ಜನ ಕೂತರೆ 2 ಸೆಕೆಂಡ್. ಮನುಷ್ಯರ ಮೈ, ಬಟ್ಟೆ ಎಲ್ಲಾ ಸದ್ದು ಕುಡಿಯುತ್ತದೆ, ಆ ದಿಂಬುಗಳ ಹಾಗೆ. ಬೆಳಗ್ಗೆ ಖಾಲಿ ಹಾಲಿನಲ್ಲಿ "ಹಲೋ ಹಲೋ ಮೈಕ್ ಟೆಸ್ಟಿಂಗ್" ಎಂದು ಸೆಟ್ ಮಾಡಿದ್ದು ಸಂಜೆ ಜನ ತುಂಬಿದಾಗ ಬೇರೆಯೇ ಆಗಿರುವುದು ಅದಕ್ಕೇ.

ಇನ್ನೊಂದು ಲೆಕ್ಕ ನನ್ನ ಕಣ್ಣು ತೆರೆಸಿತು. ಇಂಥ ಖಾಲಿ ಹಾಲಿನಲ್ಲಿ ಸಾಮಾನ್ಯ ಬಾಕ್ಸಿನಿಂದ ಹತ್ತು ಅಡಿ ದೂರ ಹೋದರೆ ಸಾಕು, ಬಾಕ್ಸಿನಿಂದ ನೇರ ಬರುವ ಸದ್ದಿಗಿಂತ ಗೋಡೆಯಿಂದ ಬರುವ ಸದ್ದೇ ಜಾಸ್ತಿ. ಜನ ತುಂಬಿದರೆ ಹದಿನೈದು ಅಡಿ ಅನ್ನಿ. ಅದರಾಚೆ ಕೂತವರು ಕೇಳುವುದು ಹೆಚ್ಚಾಗಿ ಗೋಡೆಯ ಭಾಷಣ! ವಾಲ್ಯೂಮ್ ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ, ಲೆಕ್ಕ ಬದಲಾಗುವುದಿಲ್ಲ. ಬಾಕ್ಸ್ ಜಾಸ್ತಿ ಇಟ್ಟರಂತೂ ಗೋಡೆಗೆ ಇನ್ನಷ್ಟು ಊಟ ಬಡಿಸಿದ ಹಾಗೆ. ಆ ದಿನ ನನ್ನ ನಾಲ್ಕು ಬಾಕ್ಸ್ ಮಾಡಿದ್ದು ಅದೇ ಕೆಲಸ.

ಮಾತಿನಲ್ಲಿ ಮೊದಲು ಸಾಯುವುದು ವ್ಯಂಜನ. ಸ್ವರಗಳು ದಪ್ಪ, ಉದ್ದ, ಗಟ್ಟಿ. ಕ, ಸ, ಪ, ತ ಇವೆಲ್ಲ ಚಿಟಿಕೆ ಹೊಡೆದ ಹಾಗೆ ಬಂದು ಹೋಗುತ್ತವೆ. ಹಿಂದಿನ ಅಕ್ಷರದ ಸ್ವರ ಗಾಳಿಯಲ್ಲಿ ಇನ್ನೂ ಎಳೆಯುತ್ತಿರುವಾಗಲೇ ಮುಂದಿನ ವ್ಯಂಜನ ಬಂದರೆ ಅದು ಮುಳುಗಿತು ಅಂತಲೇ. ನಮ್ಮ ಕನ್ನಡದಲ್ಲಂತೂ ಹೆಚ್ಚುಕಡಿಮೆ ಪ್ರತಿ ಪದವೂ ಸ್ವರದಲ್ಲೇ ಮುಗಿಯುತ್ತದೆ. ಸ್ಟೇಜಿನಲ್ಲಿ ಕಾಲು, ಪಾಲು, ಸಾಲು, ಹಾಲು ಏನೇ ಹೇಳಿ, ಕೊನೆ ಸಾಲಿಗೆ ಎಲ್ಲವೂ "ಆಲು".

ಈಗ ನಾನು ಮಾಡುವುದು ತೀರಾ ಸರಳ. ಸದ್ದು ಕಿವಿಗೆ ಹೋಗಬೇಕು, ಗೋಡೆಗೆ ಹೋಗಬಾರದು. ಉಳಿದಿದ್ದೆಲ್ಲ ಇದರ ಸುತ್ತ. ಛತ್ರದ ಭಾಷಣಕ್ಕೆ ದೊಡ್ಡ ಬಾಕ್ಸ್ ಬಿಟ್ಟು ಕಾಲಮ್ ಸ್ಪೀಕರ್ ಹಾಕುತ್ತೇನೆ. ಒಂದರ ಮೇಲೊಂದು ಸಣ್ಣ ಸ್ಪೀಕರ್ ಜೋಡಿಸಿದ ಉದ್ದನೆ ಪೆಟ್ಟಿಗೆ ಅದು. ನೆಟ್ಟಗೆ ನಿಲ್ಲಿಸಿದರೆ ಸದ್ದು ಮೇಲೆ ಕೆಳಗೆ ಹೆಚ್ಚು ಹರಡುವುದಿಲ್ಲ, ಅಗಲಕ್ಕೆ ಹರಡುತ್ತದೆ. ಅಂದರೆ ಸೂರಿಗೂ ನೆಲಕ್ಕೂ ಕಡಿಮೆ, ಜನಕ್ಕೆ ಜಾಸ್ತಿ. ಕೂತವರ ತಲೆಗಿಂತ ಸ್ವಲ್ಪ ಎತ್ತರದಲ್ಲಿ ಕಟ್ಟಿ, ಸ್ವಲ್ಪ ಮುಂದಕ್ಕೆ ಬಗ್ಗಿಸಿದರೆ ಮುಗಿಯಿತು. ತಮಾಷೆ ಏನೆಂದರೆ ಎಷ್ಟೋ ಕಡೆ ಇದನ್ನು ಸ್ಟೇಜಿನ ಮೇಲೆ ಅಡ್ಡಡ್ಡ ಮಲಗಿಸಿ ಕಟ್ಟಿರುತ್ತಾರೆ, ನೋಡಲು ಚೆಂದ ಅಂತ. ಆಗ ಎಲ್ಲಾ ಉಲ್ಟಾ. ಸದ್ದು ನೆಲಕ್ಕೂ ಸೂರಿಗೂ ಧಾರಾಳ, ಪಕ್ಕದ ಸಾಲುಗಳಿಗೆ ಏನೂ ಇಲ್ಲ.

ಹಾಲು ಉದ್ದ ಇದ್ದರೆ ಮಧ್ಯದಲ್ಲಿ ಇನ್ನೆರಡು ಸಣ್ಣ ಸ್ಪೀಕರ್ ಬೇಕಾಗುತ್ತದೆ. ಅವುಗಳ ಮುಖವೂ ಹಿಂದಕ್ಕೇ, ಸ್ಟೇಜಿನ ಕಡೆಗಲ್ಲ. ಇಲ್ಲಿ ಡಿಲೇ ಹಾಕಲೇಬೇಕು, ಅಂದರೆ ಸದ್ದನ್ನು ಬೇಕಂತಲೇ ಸ್ವಲ್ಪ ತಡ ಮಾಡಿ ಬಿಡಬೇಕು. ಸದ್ದು ಒಂದು ಅಡಿ ಹೋಗಲು ಹತ್ತಿರ ಹತ್ತಿರ ಒಂದು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ತಂತಿಯಲ್ಲಿ ಹೋಗುವ ಸಿಗ್ನಲ್ಲಿಗೆ ಆ ತಡ ಇಲ್ಲ. ಮಧ್ಯದ ಸ್ಪೀಕರ್ 60 ಅಡಿ ಹಿಂದಿದ್ದರೆ, ಅಲ್ಲಿ ಕೂತವರಿಗೆ ಅದರ ಮಾತು ಮೊದಲು ಕೇಳಿ, ಸ್ಟೇಜಿನ ಸ್ಪೀಕರಿನದು 53 ಮಿಲಿಸೆಕೆಂಡ್ ತಡವಾಗಿ ಬಂದು ಡಬಲ್ ಆಗುತ್ತದೆ. ಅದಕ್ಕೆ ಮಧ್ಯದ್ದನ್ನು 53ರ ಮೇಲೆ ಇನ್ನೊಂದು 10-15 ಮಿಲಿಸೆಕೆಂಡ್ ತಡ ಮಾಡುತ್ತೇನೆ. ಮೊದಲು ಬಂದ ಸದ್ದು ಯಾವ ಕಡೆಯಿಂದಲೋ, ಮಾತೂ ಅಲ್ಲಿಂದಲೇ ಬಂತು ಎಂದು ನಮ್ಮ ಮಿದುಳು ತೀರ್ಮಾನ ಮಾಡುತ್ತದೆ. ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ 1949ರಷ್ಟು ಹಿಂದೆಯೇ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದರು. ಡಿಲೇ ಸರಿಯಾಗಿ ಹೊಂದಿದರೆ ಪಕ್ಕದ ಸ್ಪೀಕರ್ ಆನ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಅದನ್ನು ಆಫ್ ಮಾಡಿದಾಗ ಮಾತ್ರ "ಏನಾಯ್ತು?" ಎಂದು ಜನ ತಿರುಗುತ್ತಾರೆ.

ಆಮೇಲೆ ಬೇಸ್. ಭಾಷಣಕ್ಕೆ ಬೇಸ್ ಬೇಡ ಎಂದರೆ ಕಮಿಟಿಯವರಿಗೆ ಬೇಜಾರು, "ದುಡ್ಡು ಕೊಟ್ಟಿಲ್ವಾ ಸಾರ್, ಸ್ವಲ್ಪ ಗುಮ್ ಅನ್ನಲಿ" ಎನ್ನುತ್ತಾರೆ. ಗುಂಯ್‌ಗುಡುವುದೇ ಅದು. 120 ಹರ್ಟ್ಸ್‌ಗಿಂತ ಕೆಳಗಿನದನ್ನು ನಾನು ಸುಮ್ನೆ ಕತ್ತರಿಸಿಬಿಡುತ್ತೇನೆ, ಯಾರಿಗೂ ಹೇಳುವುದಿಲ್ಲ.

ಬಯಲಿಗೆ ಬಂದರೆ ಕತೆಯೇ ಬೇರೆ. ಜಾತ್ರೆ ಮೈದಾನದಲ್ಲಿ ಗೋಡೆಯ ಕಾಟ ಇಲ್ಲ, ಆದರೆ ಸದ್ದು ಹಿಡಿದಿಡುವವರೂ ಇಲ್ಲ. ಸದ್ದಿನ ಜೋರನ್ನು ಅಳೆಯುವುದು ಡೆಸಿಬೆಲ್‌ನಲ್ಲಿ, ದೂರ ಎರಡರಷ್ಟಾದರೆ 6 ಡೆಸಿಬೆಲ್ ಹೋಯಿತು. 10 ಅಡಿಯಿಂದ 80 ಅಡಿಗೆ ಹೋಗುವಷ್ಟರಲ್ಲಿ 18 ಮಾಯ. 100 ವಾಟ್ ಆಂಪ್ಲಿಫೈಯರ್ ತೆಗೆದು 200 ವಾಟಿನದು ಇಟ್ಟರೆ ಸಿಗುವುದು ಬರೀ 3. ಅದಕ್ಕೇ ಎತ್ತರ ಮುಖ್ಯ. ಸ್ಪೀಕರ್ ತಲೆ ಮೇಲಿದ್ದರೆ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ದೂರದ ವ್ಯತ್ಯಾಸ ಕಡಿಮೆಯಾಗುತ್ತದೆ, ಮುಂದಿನವರ ಕಿವಿಯೂ ಉಳಿಯುತ್ತದೆ. ರಾತ್ರಿ ಯಕ್ಷಗಾನದ ಚಂಡೆ ಮೈಲಿ ದೂರಕ್ಕೆ ಕೇಳುತ್ತದಲ್ಲಾ, ಅದರಲ್ಲಿ ಸ್ಪೀಕರಿನವರ ಪಾಲು ಅಷ್ಟೇನೂ ಇಲ್ಲ. ಸುತ್ತ ಗಲಾಟೆ ಕಡಿಮೆ ಇರುವುದು ಒಂದು. ನೆಲದ ಹತ್ತಿರದ ಗಾಳಿ ತಣ್ಣಗಾಗಿ, ಮೇಲಿನ ಗಾಳಿ ಬೆಚ್ಚಗಿದ್ದಾಗ ಸದ್ದು ಬಾಗಿ ಮತ್ತೆ ನೆಲಕ್ಕೇ ಬರುವುದು ಇನ್ನೊಂದು. ಬಿಸಿಲಲ್ಲಿ ಅದು ಮೇಲಕ್ಕೆ ಬಾಗಿ ಹೋಗಿಬಿಡುತ್ತದೆ.

ಕಲ್ಲಿನ ದೇವಸ್ಥಾನ ಎಲ್ಲಕ್ಕಿಂತ ಕಷ್ಟ. ಅಲ್ಲಿ ಒಂದೇ ದಾರಿ, ಎರಡು ಕಂಬಕ್ಕೊಂದರಂತೆ ಅಂಗೈಯಗಲದ ಸ್ಪೀಕರ್, ಜನರ ಹತ್ತಿರ, ತೀರಾ ಕಡಿಮೆ ವಾಲ್ಯೂಮಿನಲ್ಲಿ. ಮೂಲೆಗೊಂದು ಹಾರ್ನ್ ಕಟ್ಟಿದರೆ ದೇವರಿಗೂ ಮಂತ್ರ ಅರ್ಥವಾಗಲಿಕ್ಕಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಅರ್ಧ ಕೆಲಸ ಇರುವುದು ಮೈಕ್ ಹಿಡಿದವರ ಕೈಯಲ್ಲಿ. ಬಾಯಿಗೆ ನಾಲ್ಕು ಬೆರಳು ದೂರ ಇರಬೇಕಾದ ಮೈಕನ್ನು ಹೊಟ್ಟೆ ಹತ್ತಿರ ಹಿಡಿದು ಮಾತಾಡಿದರೆ ಯಾವ ಕಾಲಮ್ಮೂ ಕಾಪಾಡುವುದಿಲ್ಲ. ಹೋದ ತಿಂಗಳು ಅದೇ ಛತ್ರದಲ್ಲಿ ಒಂದು ಕಾರ್ಯಕ್ರಮ. ಮಧ್ಯಾಹ್ನವೇ ಹೋಗಿ, ಕಾಲಮ್ ಕಟ್ಟಿ, ಡಿಲೇ ಅಳೆದು, ಕೊನೆ ಸಾಲಿನ ಕೊನೆ ಕುರ್ಚಿಯಲ್ಲಿ ಕೂತು ಕೇಳಿ, ಸಮಾಧಾನ ಆದ ಮೇಲೆ ಊಟಕ್ಕೆ ಎದ್ದೆ. ಸಂಜೆ ಅಧ್ಯಕ್ಷ ಭಾಷಣಕ್ಕೆ ಬಂದ ಹಿರಿಯರು ಮೈಕನ್ನು ಟಪ್ ಟಪ್ ಎಂದು ಎರಡು ಸಲ ಹೊಡೆದು, ಉಫ್ ಎಂದು ಊದಿ, ಆಮೇಲೆ ಪಕ್ಕಕ್ಕೆ ಸರಿಸಿ, "ನನಗಿದೆಲ್ಲ ಬೇಡ, ನನ್ನ ಗಂಟಲೇ ಸಾಕು" ಎಂದರು. ಮೂರನೇ ಸಾಲಿನಿಂದ ಆಚೆ ಕೂತವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿ ನೋಡಿದರು.