ಒಂಬತ್ತನೇ ತರಗತಿಯಲ್ಲಿ ವಿನ್ಯಾಸದ ಪಾಠ

ನಮ್ಮ ಪ್ರೌಢಶಾಲೆಗಳ ವೇಳಾಪಟ್ಟಿಯಲ್ಲಿ ‘ವಿನ್ಯಾಸ ಮತ್ತು ತಂತ್ರಜ್ಞಾನ’ ಎಂಬ ಪ್ರತ್ಯೇಕ ವಿಷಯವಿಲ್ಲ. ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಅದು 1990ರಿಂದಲೂ ಇದೆ. ಅಲ್ಲಿ ಹದಿನಾರರ ಪ್ರಾಯದ ಮಕ್ಕಳು ಈ ವಿಷಯದ ಪರೀಕ್ಷೆ ಬರೆದರೆ, ಅರ್ಧದಷ್ಟು ಅಂಕ ಅವರೇ ಅಗತ್ಯವೊಂದನ್ನು ಗುರುತಿಸಿ, ನಕ್ಷೆ ಬರೆದು, ವಸ್ತುವನ್ನು ಮಾಡಿ, ಪರೀಕ್ಷಿಸಿ ನೋಡಿದ ಕೆಲಸಕ್ಕೆ ಸಲ್ಲುತ್ತದೆ. ನಮ್ಮಲ್ಲಿರುವುದು ವಿಜ್ಞಾನ ವಸ್ತುಪ್ರದರ್ಶನ, ಯೋಜನಾ ಕಾರ್ಯ, ಮತ್ತು ಮಕ್ಕಳು ಕೈಯಾರೆ ಮಾಡಿ ಕಲಿಯಲೆಂದು ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಸಿಕ್ಕಿದ ಶಾಲೆಗಳಲ್ಲಿ ಒಂದಷ್ಟು ಉಪಕರಣ. ವಸ್ತುಪ್ರದರ್ಶನಕ್ಕೆ ಬರುವ ಥರ್ಮೋಕೋಲ್ ಜ್ವಾಲಾಮುಖಿಗಳಲ್ಲಿ ಹೆಚ್ಚಿನವು ಹಿಂದಿನ ರಾತ್ರಿ ಮನೆಯ ಹಿರಿಯರ ಕೈಯಲ್ಲಿ ತಯಾರಾದವು ಎಂಬುದು ತೀರ್ಪುಗಾರರಿಗೂ ತಿಳಿದಿರುತ್ತದೆ. ಆ ಮಾದರಿ ಯಾರ ಯಾವ ತೊಂದರೆಯನ್ನೂ ನೀಗಿಸಬೇಕಾಗಿಲ್ಲವಾದ್ದರಿಂದ ಅದು ಸರಿಯಾಗಿದೆಯೇ ಎಂದು ಪರೀಕ್ಷಿಸುವ ದಾರಿಯೂ ಇರುವುದಿಲ್ಲ.

ಸಕಲೇಶಪುರದ ಕಡೆಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು, ಈ ಕಾರಣಕ್ಕೇ ಒಂಬತ್ತನೇ ತರಗತಿಯ ಯೋಜನಾ ಕಾರ್ಯವನ್ನು ಶಾಲೆಯೊಳಗಿನ ನಿಜವಾದ ತೊಂದರೆಯೊಂದರಿಂದಲೇ ಆರಂಭಿಸುತ್ತೇನೆ. ಕಳೆದ ಮಳೆಗಾಲದಲ್ಲಿ ಮಕ್ಕಳು ಆರಿಸಿಕೊಂಡದ್ದು ಒದ್ದೆ ಕೊಡೆಗಳನ್ನು. ಜೂನ್ ಹಿಡಿದರೆ ಆಗಸ್ಟ್ ಕಳೆಯುವವರೆಗೂ ಬಿಡದೆ ಸುರಿಯುವ ನಮ್ಮ ಮಳೆಯಲ್ಲಿ ಜಗುಲಿಯುದ್ದಕ್ಕೂ ಬಿಚ್ಚಿಟ್ಟ ಕೊಡೆಗಳು, ಅವುಗಳಿಂದ ಇಳಿದು ನಿಂತ ನೀರು, ಅದರಲ್ಲಿ ಜಾರಿ ಬೀಳುವ ಚಿಕ್ಕ ಮಕ್ಕಳು ಇವೆಲ್ಲ ಎಲ್ಲರೂ ನೋಡಿದ ಸಂಗತಿಗಳೇ. ಕೊಡೆ ಸ್ಟ್ಯಾಂಡ್ ಬೇಕು ಎಂದು ಎಲ್ಲರೂ ಒಮ್ಮೆಲೇ ಹೇಳಿದರು. ಅದು ಎಷ್ಟು ಎತ್ತರವಿರಬೇಕು ಎಂದು ಕೇಳಿದಾಗ ತರಗತಿ ಸುಮ್ಮನಾಯಿತು, ಪಾಠ ಶುರುವಾದದ್ದು ಅಲ್ಲಿಂದ. ಉದ್ದ ಕೊಡೆಯೆಷ್ಟು, ಮಡಚುವ ಕೊಡೆಯೆಷ್ಟು, ಹಿಡಿಯ ಕೊಕ್ಕೆಯ ಅಗಲವೆಷ್ಟು, ಎಂಟನೇ ತರಗತಿಯ ಅತಿ ಗಿಡ್ಡ ಹುಡುಗಿಯ ಕೈ ಎಲ್ಲಿಯವರೆಗೆ ಎಟಕುತ್ತದೆ ಎಂದು ಅವರು ಟೇಪು ಹಿಡಿದು ಓಡಾಡಿ ಬರೆದುಕೊಂಡರು. ಬಳಸುವವರ ಅಳತೆ ಕೈಗೆ ಬರುವ ಮೊದಲು ನಕ್ಷೆ ಬರೆಯಲು ನಾನು ಬಿಡುವುದಿಲ್ಲ.

ಆಮೇಲೆ ರಟ್ಟಿನಲ್ಲಿ ಚಿಕ್ಕ ಮಾದರಿ ಮಾಡಿದೆವು, ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿಜವಾದ ಅಳತೆಯ ಚಿತ್ರವನ್ನೂ ಬರೆದೆವು. ಮರಕ್ಕೆ ನಮ್ಮ ಕಡೆ ಬರವಿಲ್ಲ. ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್‌ನ ಪಟ್ಟಿಗಳನ್ನು ಪೋಷಕರೊಬ್ಬರು ಕೊಟ್ಟರು. ಕೊಯ್ಯುವುದನ್ನು ತೋರಿಸಲು ಬಂದ ಊರಿನ ಬಡಗಿ ಆಚಾರರು ಮಾಡಿಸಿದ ಮೊದಲ ಕೆಲಸ ನನ್ನ ಪಠ್ಯಪುಸ್ತಕದಲ್ಲೆಲ್ಲೂ ಇಲ್ಲ. ಒಂದು ಪಟ್ಟಿಯ ಮೇಲೆ ಸಮನಾದ ಆರು ತುಂಡುಗಳಿಗೆ ಮೊದಲೇ ಗುರುತು ಹಾಕಿಸಿ, ಆ ಗೆರೆಗಳ ಮೇಲೆಯೇ ಕೊಯ್ಯಿಸಿದರು. ತುಂಡುಗಳನ್ನು ಒಂದರ ಪಕ್ಕ ಒಂದು ಇಟ್ಟು ಅಳೆದರೆ ಒಟ್ಟು ಉದ್ದ ಮೊದಲಿಗಿಂತ ಕಡಿಮೆ. ಗರಗಸದ ಹಲ್ಲು ಪ್ರತಿ ಕೊಯ್ತಕ್ಕೂ ಒಂದೆರಡು ಮಿಲಿಮೀಟರ್ ಮರವನ್ನು ಹುಡಿಮಾಡಿ ತಿನ್ನುತ್ತದೆ, ಆದ್ದರಿಂದ ಒಂದನ್ನು ಕೊಯ್ದ ಮೇಲೆಯೇ ಮುಂದಿನದಕ್ಕೆ ಗುರುತು ಹಾಕಬೇಕು, ಗೆರೆಯ ಹೊರಮಗ್ಗುಲಿಗೆ ಗರಗಸ ಇಡಬೇಕು ಎಂದು ಅವರು ಹೇಳಿದಾಗ ಮಕ್ಕಳಿಗೆ ಮರುಮಾತಿನ ಅಗತ್ಯವೇ ಬೀಳಲಿಲ್ಲ. ನಾಲ್ಕು ಪಟ್ಟಿಗಳ ಚೌಕಟ್ಟು ಮೊಳೆ ಹೊಡೆದ ಮೇಲೂ ಪಕ್ಕಕ್ಕೆ ವಾಲುತ್ತಿತ್ತು. ಮೂಲೆಯಿಂದ ಮೂಲೆಗೆ ಓರೆಪಟ್ಟಿಯೊಂದು ಬಿದ್ದೊಡನೆ ಅಲುಗದೆ ನಿಂತಿತು. ಮೂರು ಬಾಹುಗಳ ಉದ್ದ ನಿಗದಿಯಾದರೆ ತ್ರಿಭುಜದ ಆಕಾರ ಬದಲಾಗದು ಎಂಬ ಗಣಿತದ ಮಾತನ್ನು ಅವರು ಆ ದಿನ ಕೈಯಿಂದ ಅಲುಗಿಸಿ ನೋಡಿ ಒಪ್ಪಿಕೊಂಡರು.

ಗುಂಪು ಮಾಡುವಾಗ ಒಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಸುಮ್ಮನೆ ಬಿಟ್ಟರೆ ಗರಗಸ ಹುಡುಗರ ಕೈ ಸೇರುತ್ತದೆ, ದಾಖಲೆ ಬರೆಯುವ ಕೆಲಸ ಹುಡುಗಿಯರ ಪಾಲಾಗುತ್ತದೆ. ಅಕ್ಷರ ಚೆನ್ನಾಗಿದೆ ಎಂಬ ನೆಪ ಯಾವಾಗಲೂ ಸಿದ್ಧವಾಗಿರುತ್ತದೆ. ಪ್ರತಿ ಅವಧಿಗೂ ಉಪಕರಣ ಕೈ ಬದಲಾಗಬೇಕು, ಎಲ್ಲರೂ ಕೊಯ್ಯಬೇಕು, ಎಲ್ಲರೂ ಬರೆಯಬೇಕು.

ಈ ಪಾಠಕ್ಕೆ ತ್ರೀಡಿ ಪ್ರಿಂಟರ್ ಬೇಕೇ ಬೇಕು ಎನ್ನುವವರಿಗೆ ಬೇಲೂರನ್ನು ತೋರಿಸುತ್ತೇನೆ. ನಮ್ಮ ಜಿಲ್ಲೆಯ ಮಕ್ಕಳು ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಹೋಗಿ, ವಿಷ್ಣುವರ್ಧನ, 1117 ಎಂದು ಬರೆದುಕೊಂಡು ಬರುತ್ತಾರೆ. ಚೆನ್ನಕೇಶವ ದೇವಾಲಯದ ನವರಂಗದ, ಅಂದರೆ ಒಳಮಂಟಪದ, ಕಂಬಗಳ ಮೇಲಿರುವ ನುಣುಪಾದ ಬಳೆಯಂಥ ಸುತ್ತುಗೆರೆಗಳನ್ನು ನೋಡಿ, ಇಷ್ಟು ಭಾರದ ಕಲ್ಲನ್ನು ತಿರುಗಿಸಿ ಕಡೆದದ್ದು ಹೇಗಿರಬಹುದು, ನಿಲ್ಲಿಸಿಯೋ ಮಲಗಿಸಿಯೋ, ಉಳಿ ಹಿಡಿದವನು ಎಲ್ಲಿ ಕುಳಿತಿದ್ದ ಎಂದು ಕೇಳಿದರೆ ಅವರು ಬಸ್ಸಿನಲ್ಲೂ ಅದನ್ನೇ ವಾದಿಸುತ್ತಾರೆ. ಆ ದೇವಾಲಯ ಕಟ್ಟಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಅಷ್ಟು ಸೂಕ್ಷ್ಮ ಕೆತ್ತನೆಗೆ ಆ ಗುಣವೇ ದಾರಿ ಮಾಡಿಕೊಟ್ಟಿತು. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದನ್ನೂ ತೋರಿಸುತ್ತೇನೆ, ಏಕೆಂದರೆ ಮಾಡಿದ ಕೆಲಸಕ್ಕೆ ಹೆಸರು ಹಾಕಿ ಹೊಣೆ ಹೊರುವುದೂ ಈ ವಿಷಯದ ಭಾಗವೇ.

ಅಂಕ ಕೊಡುವಾಗ ನಾನು ಸ್ಟ್ಯಾಂಡಿನ ಹೊಳಪಿಗಿಂತ ದಾಖಲೆ ಪುಸ್ತಕವನ್ನು ಹೆಚ್ಚು ನೋಡುತ್ತೇನೆ. ಮೊದಲ ನಕ್ಷೆಯಲ್ಲಿ ಏನಿತ್ತು, ಯಾವ ಅಳತೆ ಕಂಡ ಮೇಲೆ ಅದು ಬದಲಾಯಿತು, ಬದಲಿಸಿದವರು ಯಾರು ಎಂಬುದು ಅಲ್ಲಿರಬೇಕು. ಕೆಳಗಿಟ್ಟ ತಗಡಿನ ತಟ್ಟೆ ಮಧ್ಯಾಹ್ನಕ್ಕೆ ತುಂಬಿ ಚೆಲ್ಲಿದಾಗ ಒಂದು ಗುಂಪು ಅದಕ್ಕೆ ಓರೆ ಕೊಟ್ಟು ನೀರನ್ನು ಅಂಗಳದ ಚರಂಡಿಗೆ ಹರಿಸಿತು. ಆ ಪುಟಕ್ಕೆ ನಾನು ಪೂರ್ಣ ಅಂಕ ಕೊಟ್ಟೆ. ಮುಖ್ಯೋಪಾಧ್ಯಾಯರಲ್ಲಿ ನನ್ನ ಬೇಡಿಕೆ ಒಂದೇ, ವಾರಕ್ಕೊಮ್ಮೆ ಎರಡು ಅವಧಿಗಳನ್ನು ಒಟ್ಟಿಗೆ ಕೊಡಬೇಕು, ಏಕೆಂದರೆ ಒಂದೇ ಅವಧಿಯಲ್ಲಿ ಉಪಕರಣ ಹಂಚಿ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಈ ವರ್ಷದ ತಂಡ ಬಿಸಿಯೂಟದ ಕೈತೊಳೆಯುವ ನಲ್ಲಿಗಳನ್ನು ಆರಿಸಿಕೊಂಡಿದ್ದು, ಸದ್ಯಕ್ಕೆ ಎಂಟನೇ ತರಗತಿಯವರ ಮೊಣಕೈ ಎತ್ತರವನ್ನು ಅಳೆಯುತ್ತಿದೆ.