ಸಿಎ ಫೈನಲ್‌ಗೆ ಮತ್ತೆ ಕೂತ ನಾಲ್ವರು: 11 ವಾರಗಳ ಓದಿನ ಲೆಕ್ಕ

ಹುಬ್ಬಳ್ಳಿ-ಧಾರವಾಡದ ನಾಲ್ವರು ಸೇರಿ ಓದುತ್ತಿರುವ ದಾಖಲೆ ಇದು. ಎಲ್ಲರೂ ನೌಕರಿಯಲ್ಲಿರುವವರು. ಪುಸ್ತಕ ಮುಚ್ಚಿಟ್ಟದ್ದು ಜಿಎಸ್‌ಟಿ ಬರುವ ಮೊದಲು, ಅಂದರೆ 2017ರ ಜುಲೈಗೂ ಹಿಂದೆ. ಇಬ್ಬರು ಮೊದಲ ಗ್ರೂಪ್ (ಲೆಕ್ಕಪತ್ರ, ಹಣಕಾಸು, ಆಡಿಟ್) ಹಿಡಿದಿದ್ದಾರೆ, ಇಬ್ಬರು ತೆರಿಗೆ ಇರುವ ಎರಡನೆಯದು. 24 ವಾರದ ಯೋಜನೆಯಲ್ಲಿ 11 ಮುಗಿದಿವೆ.

ವಾರ 1: ಕಾಗದಪತ್ರ

ಪುಸ್ತಕ ಕೊಳ್ಳುವ ಮೊದಲು ಸಿಎ ಪರೀಕ್ಷೆ ನಡೆಸುವ ಸಂಸ್ಥೆಯ (ಐಸಿಎಐ) ಎಸ್‌ಎಸ್‌ಪಿ ಪೋರ್ಟಲ್‌ಗೆ ಹೋಗಿ ನೋಂದಣಿ ಇನ್ನೂ ಸಿಂಧು ಇದೆಯೇ, ಫೋಟೊ-ಸಹಿ-ವಿಳಾಸ ಸರಿಯಿವೆಯೇ ನೋಡಬೇಕು. ಹಳೆಯ ಸ್ಕೀಮಿನ ಕೊನೆಯ ಪರೀಕ್ಷೆ 2023ರ ನವೆಂಬರ್‌ನಲ್ಲಿ ಆಯಿತು. 2024ರ ಮೇ ತಿಂಗಳಿಂದ ಹೊಸ ಸ್ಕೀಮ್. ಎಂಟು ಪೇಪರ್ ಇದ್ದದ್ದು ಆರಾಗಿದೆ. ಕಂಪನಿ ಕಾನೂನು ಮತ್ತು ಕಾಸ್ಟಿಂಗ್ ಮುಖ್ಯ ಪರೀಕ್ಷೆಯಿಂದ ಹೊರಬಿದ್ದು ಆನ್‌ಲೈನ್ ಮಾಡ್ಯೂಲ್‌ಗಳಾಗಿವೆ. ಅಂಥ ನಾಲ್ಕು ಸೆಟ್‌ಗಳಲ್ಲೂ ಶೇ. 50 ಬಂದ ಮೇಲೆಯೇ ಫೈನಲ್ ಬರೆಯಲು ಬಿಡುತ್ತಾರೆ. ಮರಳಿ ಬರುವವರು ಇದನ್ನು ಕೊನೆಗೆ ಇಟ್ಟುಕೊಂಡರೆ ಒಂದು ಅಟೆಂಪ್ಟ್ ಕೈಬಿಟ್ಟಂತೆ. ಹಳೆಯ ಸ್ಕೀಮಿನಲ್ಲಿ ಪಾಸಾದ ಪೇಪರಿಗೆ ಯಾವುದರಿಂದ ವಿನಾಯಿತಿ ಸಿಗುತ್ತದೆ ಎಂಬುದನ್ನೂ ಇದೇ ವಾರ ನೋಡಿಕೊಳ್ಳಿ.

ಗ್ರೂಪ್ ಆಯ್ಕೆಯ ಬಗ್ಗೆ ಒಂದು ಮಾತು. ತೆರಿಗೆ ಕಚೇರಿಯಲ್ಲಿ ಕೆಲಸ ಮಾಡುವವರ ಮನಸ್ಸು ಎರಡನೇ ಗ್ರೂಪಿನ ಕಡೆ ವಾಲುತ್ತದೆ, ಜಿಎಸ್‌ಟಿ ಗೊತ್ತಲ್ಲ ಎಂದು. ಆದರೆ ಕೆಲಸದಲ್ಲಿ ಕಲಿತದ್ದು ಪೋರ್ಟಲ್‌ನ ಗುಂಡಿಗಳನ್ನು. ಪರೀಕ್ಷೆ ಕೇಳುವುದು ಕಾರಣವನ್ನು. ಓದು ಮುಂದೆ ಬೀಳಬಹುದೆಂಬ ಅಳುಕಿದ್ದರೆ ಮೊದಲ ಗ್ರೂಪ್ ಒಳ್ಳೆಯದು. ಅಲ್ಲಿ ಓದಿದ್ದು ಒಂದು ಬಜೆಟ್‌ನಿಂದ ಹಳತಾಗುವುದಿಲ್ಲ. ಫೈನಲ್ ವರ್ಷಕ್ಕೆ ಮೂರು ಸಲ ಎಂದು ಸಂಸ್ಥೆ 2025ರಲ್ಲಿ ಪ್ರಕಟಿಸಿತು: ಜನವರಿ, ಮೇ, ಸೆಪ್ಟೆಂಬರ್.

ಸಮಯ

ಮುಂಜಾನೆ 5ರಿಂದ 7, ವಾರಕ್ಕೆ ಐದು ದಿನ. ರವಿವಾರ 6 ತಾಸು. ಕಾಗದದ ಮೇಲೆ ಒಟ್ಟು 16 ತಾಸು, ಕೈಗೆ ಸಿಕ್ಕದ್ದು ಸರಾಸರಿ 13. ಕೊರತೆ ಎಲ್ಲಿ ಎಂದು ನೋಡಿದರೆ ಪ್ರತಿ ತಿಂಗಳೂ ಅದೇ ತಾರೀಖುಗಳು: 7ಕ್ಕೆ ಟಿಡಿಎಸ್ ಕಟ್ಟುವುದು, 11ಕ್ಕೆ ಜಿಎಸ್‌ಟಿಯ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ. ಮೂರನೇ ವಾರದಿಂದ 10, 11, 19, 20ನ್ನು ಮೊದಲೇ ಸೊನ್ನೆ ಎಂದು ಬರೆದುಬಿಟ್ಟೆವು. ಆಗದ ದಿನಕ್ಕೆ ಓದು ಹಚ್ಚಿಟ್ಟರೆ ಬಾಕಿ ಬೆಳೆದು, ಆಗುವ ದಿನವೂ ಪುಸ್ತಕ ತೆರೆಯಲು ಮನಸ್ಸಾಗುವುದಿಲ್ಲ.

ಧಾರವಾಡದಿಂದ ಬರುವ ಇಬ್ಬರಿಗೆ ಚಿಗರಿ ಬಸ್ಸಿನ ಹೊತ್ತು ಸಿಗುತ್ತದೆ. ಅದರಲ್ಲಿ ಲೆಕ್ಕ ಸಾಗದು. ಆಡಿಟಿಂಗ್ ಸ್ಟ್ಯಾಂಡರ್ಡ್‌ಗಳಿಗೆ ಅದು ಹೇಳಿ ಮಾಡಿಸಿದ್ದು. ಚೀಟಿಯ ಒಂದು ಬದಿ ಸಂಖ್ಯೆ (315, 330, 530, 701, 705), ಇನ್ನೊಂದು ಬದಿ ಎರಡೇ ಸಾಲು.

ವಾರ 2–4: ತಪ್ಪಾಗಿ ನೆನಪಿರುವುದು

ಮರೆತದ್ದು ದೊಡ್ಡ ತೊಂದರೆಯಲ್ಲ, ಮತ್ತೆ ಓದಿದರೆ ಬರುತ್ತದೆ. ಗಟ್ಟಿಯಾಗಿ ನೆನಪಿದ್ದು ಈಗ ತಪ್ಪಾಗಿರುವುದೇ ಅಂಕ ನುಂಗುತ್ತದೆ. ಓದುವಾಗ ಕಣ್ಣು ಅದರ ಮೇಲೆ ಜಾರುತ್ತದೆ, ಇದು ಗೊತ್ತಿದೆ ಎಂದು.

ನಾವು ಮಾಡುತ್ತಿರುವುದು ಹೀಗೆ: ಅಧ್ಯಾಯ ತೆರೆಯುವ ಮೊದಲು ಖಾಲಿ ಹಾಳೆಯ ಮೇಲೆ 20 ನಿಮಿಷ, ನೆನಪಿರುವುದನ್ನೆಲ್ಲ ಬರೆಯುವುದು. ನಂತರ ಸ್ಟಡಿ ಮೆಟೀರಿಯಲ್ ಎದುರಿಟ್ಟು ತಿದ್ದುವುದು. ಬಿಟ್ಟುಹೋದದ್ದು ನೀಲಿಯಲ್ಲಿ, ತಪ್ಪಾದದ್ದು ಕೆಂಪಿನಲ್ಲಿ. ಕೆಂಪು ಮಾತ್ರ ಬೇರೆ ನೋಟ್‌ಬುಕ್‌ಗೆ ಹೋಗುತ್ತದೆ, ಎಡಪುಟದಲ್ಲಿ ಹಳೆಯದು, ಬಲಪುಟದಲ್ಲಿ ಈಗಿನದು.

ಅತಿ ಹೆಚ್ಚು ಕೆಂಪು ಬಿದ್ದದ್ದು ಲೀಸ್ ಅಧ್ಯಾಯದಲ್ಲಿ. 2019ರ ಏಪ್ರಿಲ್ 1ರಿಂದ ಇಂಡ್ ಎಎಸ್ 116 ಎಂಬ ಲೆಕ್ಕಪತ್ರ ಮಾನದಂಡ ಬಂದು, ಬಾಡಿಗೆದಾರನ ಮಟ್ಟಿಗೆ ಆಪರೇಟಿಂಗ್-ಫೈನಾನ್ಸ್ ಎಂಬ ಭೇದ ಹೋಗಿದೆ. ಕೊಪ್ಪಿಕರ್ ರಸ್ತೆಯ ಮಳಿಗೆಯೊಂದಕ್ಕೆ ವರ್ಷದ ಕೊನೆಗೆ ₹1,20,000 ಬಾಡಿಗೆ, 5 ವರ್ಷ, ಬಡ್ಡಿದರ ಶೇ. 12 ಎಂದಿಟ್ಟುಕೊಳ್ಳಿ. ಹಳೆಯ ನೆನಪು ವರ್ಷಕ್ಕೆ ₹1,20,000 ಖರ್ಚು ಬರೆದು ಮುಗಿಸುತ್ತದೆ. ಈಗ ಐದು ಕಂತುಗಳನ್ನು ಇಂದಿನ ಬೆಲೆಗೆ ಇಳಿಸುವ 3.604776 ಅಂಶದಿಂದ ಲೀಸ್ ಹೊಣೆ ₹4,32,573, ಅಷ್ಟೇ ಮೊತ್ತದ ಬಳಕೆ-ಹಕ್ಕಿನ ಆಸ್ತಿ. ಮೊದಲ ವರ್ಷ ಬಡ್ಡಿ ₹51,909, ಸವಕಳಿ ₹86,515, ಒಟ್ಟು ₹1,38,424. ವರ್ಷದ ಕೊನೆಗೆ ಉಳಿಯುವ ಹೊಣೆ ₹3,64,482. ಇಲ್ಲಿ ಎಲ್ಲರೂ ಒಮ್ಮೆಯಾದರೂ ಎಡವಿದ್ದು ಬಾಡಿಗೆ ವರ್ಷದ ಆರಂಭಕ್ಕೆ ಎಂದಿದ್ದಾಗ. ಮೊದಲ ಕಂತಿಗೆ ಡಿಸ್ಕೌಂಟ್ ಇಲ್ಲ, ಉಳಿದ ನಾಲ್ಕಕ್ಕೆ ಮಾತ್ರ. ಆಗ ಆಸ್ತಿ ₹4,84,482. 12 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯ ಲೀಸ್‌ಗೆ ಬೇಕಾದರೆ ಇದೆಲ್ಲ ಬಿಡಬಹುದು.

ತೆರಿಗೆಯಲ್ಲಿ 1961ರ ಕಾಯ್ದೆಯ 44ಎಡಿ, ಸಣ್ಣ ವ್ಯಾಪಾರದ ಲಾಭವನ್ನು ವಹಿವಾಟಿನ ಮೇಲೆ ಅಂದಾಜಿಸುವ ಕಲಮು. ನೆನಪು ಹೇಳಿದ್ದು ಮಿತಿ 1 ಕೋಟಿ. ಅದು 2 ಕೋಟಿಯಾಗಿ, ನಗದು ಜಮೆ ಶೇ. 5 ಮೀರದಿದ್ದರೆ 3 ಕೋಟಿ. ಬದಲಾಗದೆ ಉಳಿದದ್ದನ್ನೂ ಬರೆದಿಟ್ಟುಕೊಳ್ಳಬೇಕು: ಕಮಿಷನ್ ಆದಾಯಕ್ಕೆ ಈ ಕಲಮು ಹೊಂದುವುದಿಲ್ಲ. ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಯನ್ನು ಪ್ರಶ್ನೆಯಲ್ಲಿ ಕೊಟ್ಟರೆ ಮೊದಲು ನೋಡಬೇಕಾದ್ದು ವಹಿವಾಟಿನ ಮೊತ್ತವನ್ನಲ್ಲ, ಆದಾಯದ ಬಗೆಯನ್ನು.

43ಬಿ ಎಂದರೆ ಕೆಲವು ಖರ್ಚನ್ನು ಹಣ ಕೊಟ್ಟ ಮೇಲಷ್ಟೇ ಲೆಕ್ಕಕ್ಕೆ ಹಿಡಿಯುವ ಕಲಮು. ಅದರಲ್ಲಿ ಸೂಕ್ಷ್ಮ, ಸಣ್ಣ ಘಟಕಗಳ ಬಾಕಿಯ 43ಬಿ(ಎಚ್) ಪೂರ್ತಿ ಹೊಸದು, ಆದರೂ ಕೆಂಪು ಬಿತ್ತು. 43ಬಿ ಎಂದ ಕೂಡಲೇ ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಕಟ್ಟಿದರೆ ನಡೆಯುತ್ತದೆ ಎಂಬ ಹಳೆಯ ಪಾಠ ಕೈಗೆ ಬರುತ್ತದೆ. ಈ ಉಪಕಲಮಿಗೆ ಆ ಸವಲತ್ತಿಲ್ಲ. ಗೋಕುಲ ರಸ್ತೆಯ ಒಂದು ಸೂಕ್ಷ್ಮ ತಯಾರಿಕಾ ಘಟಕ ಮಾರ್ಚ್ 1ಕ್ಕೆ ಮಾಲು ಕೊಟ್ಟಿದೆ, ಖರೀದಿದಾರ ಏಪ್ರಿಲ್ 10ಕ್ಕೆ ರೊಕ್ಕ ಕೊಟ್ಟ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಅಂದರೆ ಮಾರ್ಚ್ 16ಕ್ಕೇ ಗಡುವು ಮುಗಿಯಿತು. ಖರ್ಚು ಸಿಗುವುದು ಮುಂದಿನ ವರ್ಷ. 60 ದಿನದ ಒಪ್ಪಂದ ಇದ್ದರೆ ಕಾನೂನು ಅದನ್ನು 45ಕ್ಕೆ ಕತ್ತರಿಸುತ್ತದೆ, ಗಡುವು ಏಪ್ರಿಲ್ 15. ಕೊಟ್ಟದ್ದು ಅದರೊಳಗೆ, ಹೀಗಾಗಿ ಖರ್ಚು ಇದೇ ವರ್ಷಕ್ಕೆ.

ಜಿಎಸ್‌ಟಿಯಲ್ಲಿ ಹೂಡುವಳಿ ತೆರಿಗೆ ಜಮೆಯ (ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಮುರಿದುಕೊಳ್ಳುವ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಕೊನೆಯ ದಿನವೂ ಸೆಪ್ಟೆಂಬರ್ ರಿಟರ್ನಿಂದ ನವೆಂಬರ್ 30ಕ್ಕೆ ಸರಿದಿದೆ. 180 ದಿನದಲ್ಲಿ ಹಣ ಕೊಡದೆ ಹಿಂತಿರುಗಿಸಿದ ಜಮೆಯನ್ನು ಕೊಟ್ಟ ಮೇಲೆ ಮತ್ತೆ ಪಡೆಯಲು ಮಾತ್ರ ಈ ನವೆಂಬರ್ ಗಡುವು ಅಡ್ಡ ಬರುವುದಿಲ್ಲ.

ಇನ್ನೊಂದು ಎಚ್ಚರ: 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿಯಲ್ಲಿದೆ. 1961ರ ಕಾಯ್ದೆಯ ಕಲಮು ಸಂಖ್ಯೆಗಳು ಅದರಲ್ಲಿ ಇಲ್ಲ, ಹಿಂದಿನ ವರ್ಷ-ನಿರ್ಧಾರಣಾ ವರ್ಷದ ಜಾಗಕ್ಕೆ ‘ತೆರಿಗೆ ವರ್ಷ’ ಬಂದಿದೆ. ನಿಮ್ಮ ಅಟೆಂಪ್ಟ್‌ಗೆ ಯಾವುದು ಅನ್ವಯ ಎಂಬ ಸಂಸ್ಥೆಯ ಪ್ರಕಟಣೆ ನೋಡದೆ ತೆರಿಗೆಯ ಪುಸ್ತಕ ಕೊಳ್ಳಬೇಡಿ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಪುಸ್ತಕ.

ವಾರ 5–7: ಕೈ ಮತ್ತು ಕ್ಯಾಲ್ಕ್ಯುಲೇಟರ್

ವರ್ಷಗಟ್ಟಲೆ ಕೀಬೋರ್ಡ್ ಒತ್ತಿದ ಕೈ 35–40 ನಿಮಿಷಕ್ಕೆ ಸೋಲುತ್ತದೆ. ಹೆಬ್ಬೆರಳಿನ ಬುಡ ನೋಯುತ್ತದೆ, ಅಕ್ಷರ ಒಡೆಯುತ್ತವೆ. ಪೆನ್ನು ಬಿಗಿ ಹಿಡಿಯುವುದೇ ಕಾರಣ. ಹಿಡಿ ದಪ್ಪಗಿರುವ ಪೆನ್ನು ತಂದು ದಿನಕ್ಕೆ 20 ನಿಮಿಷದಿಂದ ಶುರುಮಾಡಿ, ವಾರಕ್ಕೆ 15 ನಿಮಿಷ ಏರಿಸಿದೆವು. ಏಳನೇ ವಾರಕ್ಕೆ 50 ನಿಮಿಷಕ್ಕೆ ಬಂದಿದೆ. ಮೂರು ತಾಸಿಗೆ ಇನ್ನೂ ದಾರಿಯಿದೆ.

ಕ್ಯಾಲ್ಕ್ಯುಲೇಟರ್ 12 ಅಂಕಿ, 6 ಕ್ರಿಯೆ, 2 ಮೆಮೊರಿ ಮೀರಬಾರದು. ಶೇ. 12ರ ಅಂಶಗಳಿಗೆ ಸಿಟಿಜನ್‌ನಲ್ಲಿ 1 ÷ 1.12 ಹಾಕಿ = ಅನ್ನು ಐದು ಸಲ ಒತ್ತಬೇಕು. ಕ್ಯಾಸಿಯೊದಲ್ಲಿ 1.12 ÷ ÷ 1, ನಂತರ = ಐದು ಸಲ. ಜಿಟಿ (ಒಟ್ಟು ಮೊತ್ತದ ಗುಂಡಿ) ಒತ್ತಿದರೆ 3.6048 ಬರಬೇಕು. ಬರದಿದ್ದರೆ ಹಿಂದಿನ ಜಿಟಿ ಅಳಿಸಿಲ್ಲ ಎಂದರ್ಥ. ಒಂದೇ ಕ್ಯಾಲ್ಕ್ಯುಲೇಟರ್ ಇಟ್ಟುಕೊಳ್ಳಿ, ಕಚೇರಿಗೊಂದು ಮನೆಗೊಂದು ಬೇಡ.

ವಾರ 8–11: ಮೊದಲ ಮಾಕ್ ಪೇಪರ್

30 ಅಂಕ ಎಂಸಿಕ್ಯು, ತಲಾ 2ರಂತೆ 15. ತಪ್ಪಿಗೆ ಅಂಕ ಕಡಿತವಿಲ್ಲ, ಒಂದನ್ನೂ ಖಾಲಿ ಬಿಡಬಾರದು. ಉಳಿದ 70ಕ್ಕೆ 14 ಅಂಕದ ಐದು ಪ್ರಶ್ನೆ. ಎಂಸಿಕ್ಯುಗೆ 45 ನಿಮಿಷ, ಪ್ರಶ್ನೆಗೆ 25ರಂತೆ 125, ಮಿಕ್ಕದ್ದು 10. ನಾಲ್ವರಲ್ಲಿ ಮೂವರು ಐದನೇ ಪ್ರಶ್ನೆ ಮುಟ್ಟಲಿಲ್ಲ. ಮೂವರೂ ಮೊದಲ ಪ್ರಶ್ನೆಗೆ 40 ನಿಮಿಷ ಕೊಟ್ಟಿದ್ದರು, ತಾಳೆಯಾಗದ ಲೆಕ್ಕ ಹುಡುಕುತ್ತ. ಈಗ 25ಕ್ಕೆ ಗಡಿಯಾರ ನೋಡಿ ಅರ್ಧ ಪುಟ ಖಾಲಿ ಬಿಟ್ಟು ಮುಂದೆ ಹೋಗುವ ಅಭ್ಯಾಸ ನಡೆದಿದೆ. ಲೆಕ್ಕ ತಾಳೆಯಾಗದಿದ್ದರೂ ವರ್ಕಿಂಗ್ ನೋಟ್‌ಗೆ ಅಂಕ ಬರುತ್ತದೆ, ಬರೆಯದ ಪ್ರಶ್ನೆಗೆ ಬರುವುದಿಲ್ಲ.

ಉತ್ತರದಲ್ಲಿ ಕಂಡ ದೋಷ: ನೇರ ತೀರ್ಮಾನ ಬರೆಯುವುದು. ಕೆಲಸದಲ್ಲಿ ಅದೇ ಸರಿ, ಕಕ್ಷಿದಾರನಿಗೆ ಬೇಕಾದ್ದು ಅದೇ. ಪರೀಕ್ಷೆಯಲ್ಲಿ ಮೊದಲು ಕಾನೂನಿನ ಮಾತು, ನಂತರ ಕೊಟ್ಟ ಸಂಗತಿಗೆ ಅದು ಹೊಂದುವ ಬಗೆ, ಕೊನೆಗೆ ತೀರ್ಮಾನ. ಕಲಮು ಸಂಖ್ಯೆ ಖಾತ್ರಿಯಿಲ್ಲದಿದ್ದರೆ ಬರೆಯಬೇಡಿ, ವಿಷಯ ಬರೆಯಿರಿ.

ಗುರಿ ಪೇಪರಿಗೆ 60. ಪಾಸಾಗಲು ಪ್ರತಿ ಪೇಪರ್ 40, ಗ್ರೂಪ್ ಸರಾಸರಿ 50 ಸಾಕು. ಆದರೆ ಗ್ರೂಪ್ ಕೈತಪ್ಪಿದರೂ 60 ಬಂದ ಪೇಪರಿಗೆ ಎಕ್ಸೆಂಪ್ಶನ್ ಸಿಗುತ್ತದೆ. ಅದಕ್ಕಾಗಿ ಗ್ರೂಪಿನ ಎಲ್ಲ ಪೇಪರಿಗೂ ಕೂರಬೇಕು, ಒಂದು ಕೆಟ್ಟಿತೆಂದು ಮುಂದಿನದಕ್ಕೆ ಗೈರಾಗಬಾರದು.

12ನೇ ವಾರಕ್ಕೆ

ಕನ್ಸಾಲಿಡೇಶನ್ (ಒಂದೇ ಗುಂಪಿನ ಕಂಪನಿಗಳ ಲೆಕ್ಕ ಕೂಡಿಸುವುದು) ಪೂರ್ತಿ ಬಾಕಿ. ಆಡಿಟರ್ ವರದಿಯಲ್ಲಿ ಏನಿರಬೇಕೆಂದು ಹೇಳುವ ಆದೇಶ, ಕ್ಯಾರೊ 2020ರ 21 ಅಂಶಗಳಲ್ಲಿ 12 ಆಗಿವೆ. ಮಾಕ್ ಪೇಪರ್ ಇನ್ನು ಮುಂಜಾನೆ ಬರೆಯುವುದಿಲ್ಲ. ಪರೀಕ್ಷೆ ಇರುವುದು ಮಧ್ಯಾಹ್ನ 2ಕ್ಕೆ, ಪ್ರಶ್ನೆಪತ್ರಿಕೆ ಓದಲು 1.45ಕ್ಕೆ ಕೊಡುತ್ತಾರೆ. ಐದಕ್ಕೆ ಏಳುವ ರೂಢಿಯವರಿಗೆ ಅದು ಕಣ್ಣು ಎಳೆಯುವ ಹೊತ್ತು. ಈ ರವಿವಾರದಿಂದ 12ಕ್ಕೆ ಎರಡು ರೊಟ್ಟಿ, ಪಲ್ಲೆ, ಅನ್ನವಿಲ್ಲ. 1.45ಕ್ಕೆ ಪೇಪರ್ ತೆರೆಯುವುದು.