ಸಿಂಗಾಪುರ ಪ್ಲಾನ್: ಅಂತೂ ಅಮ್ಮನ ಟಿಕೆಟ್ ಆಯ್ತು!

ನಾಲ್ಕು ರಾತ್ರಿಯ ಸಿಂಗಾಪುರ. ಅಮ್ಮನಿಗೂ ನನಗೂ ಮೊದಲ ವಿದೇಶ. ಹೋಟೆಲ್, ಎಂಆರ್‌ಟಿ (ಅಲ್ಲಿನ ಮೆಟ್ರೋ ರೈಲು) ನಕ್ಷೆ, ಶಿವಮೊಗ್ಗದಿಂದ ರಾತ್ರಿ ಬಸ್ಸು ಹಿಡಿದು ದೇವನಹಳ್ಳಿ ಮುಟ್ಟುವ ಲೆಕ್ಕ, ಇದೆಲ್ಲ ನೀವೂ ಮಾಡಿರುತ್ತೀರಿ, ಬಿಡಿ. ನನ್ನ ಹದಿನೈದು ದಿನ ತಿಂದಿದ್ದು ಒಂದು ಖಾಲಿ ಜಾಗ. ಸರ್‌ನೇಮ್.

ಅಮ್ಮನ ಹೆಸರು ಒಂದೇ ಪದ. ನಮ್ಮ ತೀರ್ಥಹಳ್ಳಿ ಕಡೆ ಅವಳ ವಯಸ್ಸಿನ ಎಷ್ಟೋ ಹೆಂಗಸರದ್ದು ಹಾಗೇ ಅಲ್ವಾ? ಆಧಾರ್‌ನಲ್ಲಿ ಇನಿಷಿಯಲ್ ಕೂಡ ಇಲ್ಲ, ಪಾಸ್‌ಪೋರ್ಟೂ ಹಾಗೇ ಬಂತು. ಮೊದಲು ದುಬೈ ಅಂದುಕೊಂಡಿದ್ದೆ. 2022ರ ನವೆಂಬರ್‌ನಲ್ಲಿ ಯುಎಇಯವರು ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾ ಇಲ್ಲ ಅಂದರು, ಆಮೇಲೆ ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿದ್ದರೆ ನಡೆಯುತ್ತದೆ ಅಂತ ಸಡಿಲಿಸಿದರು. ಆದರೂ ಮೊದಲ ಸಲವೇ ಅಮ್ಮನನ್ನು ಕೌಂಟರ್ ಮುಂದೆ ನಿಲ್ಲಿಸಿಕೊಂಡು ವಾದ ಮಾಡೋದು ನನಗೆ ಬೇಡವಾಗಿತ್ತು.

ಸಿಂಗಾಪುರದ ವೀಸಾ ಸಲೀಸಾಗಿ ಬಂತು. ಅಮ್ಮನ ಹೆಸರು ಪಾಸ್‌ಪೋರ್ಟಿನಲ್ಲಿದ್ದ ಹಾಗೇ ಇದೆ. (ಫೋಟೊ ಮಾತ್ರ ಎರಡು ಸಲ ತೆಗೆಸಬೇಕಾಯ್ತು. ಬಿಳಿ ಹಿನ್ನೆಲೆ, 35×45 ಮಿಲಿಮೀಟರ್ ಅಂತ ಬರೆದುಕೊಟ್ಟರೂ ಸ್ಟುಡಿಯೋದವರು ನೀಲಿ ಪರದೆ ಮುಂದೆ ಕೂರಿಸಿದರು!) ಸಿಕ್ಕಿಹಾಕಿಕೊಂಡಿದ್ದು ಟಿಕೆಟ್‌ನಲ್ಲಿ. ಸರ್‌ನೇಮ್ ಖಾಲಿ ಬಿಟ್ಟರೆ ಬುಕಿಂಗ್ ಸೈಟ್ ಮುಂದೆ ಹೋಗೋದೇ ಇಲ್ಲ. ಒಬ್ಬ ಏಜೆಂಟ್ ಅದೇ ಹೆಸರನ್ನು ಎರಡು ಸಲ ಹಾಕಿ ಅಂದ. ಇನ್ನೊಬ್ಬ ಎಲ್‌ಎನ್‌ಯು, ಅಂದರೆ ‘ಲಾಸ್ಟ್ ನೇಮ್ ಅನ್‌ನೋನ್’ (ಸರ್‌ನೇಮ್ ಗೊತ್ತಿಲ್ಲ) ಅಂತ ಹಾಕಿ ಅಂದ. ಮೂರನೆಯವನು ಏನಾದರೂ ಹಾಕಿ ಸಾರ್, ಯಾರೂ ನೋಡಲ್ಲ ಅಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ದುಡ್ಡು ಹೋದರೆ ಅವನದ್ದಲ್ಲವಲ್ಲ.

ಪಾಸ್‌ಪೋರ್ಟನ್ನೇ ಬದಲಿಸೋಣ, 1500 ರೂಪಾಯಿ ಅಷ್ಟೇ ಅಂದೆ. ಅಮ್ಮ ಒಪ್ಪಲಿಲ್ಲ. "ಇಷ್ಟು ವರ್ಷ ಇಲ್ಲದ್ದು ಈಗೆಲ್ಲಿಂದ ತರ್ತೀಯ ಮಗಾ? ನನ್ನ ಹೆಸರು ಇಷ್ಟೇ" ಅಂದಳು. ಅವಳು ಹೇಳಿದ್ದು ಸರಿಯೇ.

ಕೊನೆಗೆ ಏಜೆಂಟರನ್ನೆಲ್ಲ ಬಿಟ್ಟು ವಿಮಾನ ಕಂಪನಿಗೇ ಫೋನ್ ಮಾಡಿದೆ. ಒಂದೊಂದು ಕಂಪನಿಗೆ ಒಂದೊಂದು ಕ್ರಮವಂತೆ. ಇವರದ್ದು ಎರಡೂ ಕಡೆ ಅದೇ ಹೆಸರು. ಅದನ್ನು ಮೇಲ್‌ನಲ್ಲಿ ಬರೆಸಿಕೊಂಡು, ಅವರ ಸೈಟಿನಲ್ಲೇ ಬುಕ್ ಮಾಡಿ, ಮೇಲ್ ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಜೊತೆ ಇಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಒಂದೇ ಹೆಸರಿನವರಿದ್ದರೆ ದುಡ್ಡು ಕಟ್ಟುವ ಮೊದಲೇ ಕೇಳಿ.

ಈ ನಡುವೆ ನಕ್ಷೆ ನೋಡುತ್ತಾ ಕಣ್ಣು ಜೊಹೊರ್ ಮೇಲೆ ಬಿತ್ತು. ಸಮುದ್ರಕ್ಕೆ ಅಡ್ಡ ಹಾಕಿದ ಕಾಸ್‌ವೇ ರಸ್ತೆ ದಾಟಿದರೆ ಮಲೇಷ್ಯಾ! ಅಲ್ಲಿಂದ ಬಸ್ಸಿನಲ್ಲಿ ಕ್ವಾಲಾಲಂಪುರ. ಮುಂದಿನ ವರ್ಷಕ್ಕೆ ಅದೇ, ಕಡತ ಈಗಲೇ ತೆರೆದಿದ್ದೇನೆ.

ಇನ್ನು ಉಳಿದಿದ್ದು ಎಸ್‌ಜಿ ಅರೈವಲ್ ಕಾರ್ಡ್, ಸಿಂಗಾಪುರಕ್ಕೆ ಬರುವವರು ಆನ್‌ಲೈನ್‌ನಲ್ಲಿ ತುಂಬುವ ಫಾರಂ. ಇಳಿಯುವ ಮುಂಚಿನ ಮೂರು ದಿನದೊಳಗೆ ತುಂಬಬೇಕು, ಶುಲ್ಕವಿಲ್ಲ. ಅದರಲ್ಲಿ ಪೂರ್ತಿ ಹೆಸರಿಗೆ ಒಂದೇ ಖಾನೆ. ಅಮ್ಮನಿಗೆ ತೋರಿಸಿದೆ. "ಹೀಗಿರ್ಬೇಕು ನೋಡು" ಅಂದಳು.